ಸೂಲಗಿತ್ತಿ ಇನಾಸಿ ಕೇಳಿದ ದಿನ

ಕಡಲ ತೀರದ ಒಂದು ರಾಜ್ಯದಲ್ಲಿ ಹಿಂದೆ ಹಡಗಿನಲ್ಲಿ ಜನರನ್ನು ತಂದು, ಸಂತೆಯ ದನಗಳಂತೆ ಮಾರುತ್ತಿದ್ದರು. ಈಗಿನ ರಾಜನ ಅಜ್ಜ ಆ ಗುಲಾಮರಿಗೆ ಬಿಡುಗಡೆ ಕೊಟ್ಟಿದ್ದ. ಅವರ ಮೊಮ್ಮಕ್ಕಳು ಬಂದರಿನ ಹಿಂದಿನ ಕೇರಿಯಲ್ಲಿ ಬದುಕಿಕೊಂಡಿದ್ದರು. ಸೂಲಗಿತ್ತಿ ಇನಾಸಿ ಅದೇ ಕೇರಿಯವಳು.

ಒಂದು ಬೆಳಿಗ್ಗೆ ಡಂಗುರ ಕೇಳಿಸಿತು: "ಗುಲಾಮಗಿರಿಯ ನೆನಪಿಗೆ ವರ್ಷಕ್ಕೊಂದು ದಿನ ಇಡೀ ನಾಡು ದೀಪ ಹಚ್ಚಲಿದೆ. ಎಲ್ಲರೂ ಸಭೆಗೆ ಬಂದು ಅಭಿಪ್ರಾಯ ಹೇಳಿ!"

ಕೇರಿಗೆ ಕೇರಿಯೇ ಕುಣಿಯಿತು. ಇನಾಸಿ ಮಾತ್ರ ಹುಬ್ಬು ಗಂಟಿಕ್ಕಿದಳು. "ಇಷ್ಟು ವರ್ಷ ಇಲ್ಲದ ಪ್ರೀತಿ ಈಗೇಕೆ ಉಕ್ಕಿತು?"

ಅವಳ ತಮ್ಮ ಸಾಂತಾನ ರೇಗಿದ. "ಅಕ್ಕಾ, ಬೆಲ್ಲ ಕೊಟ್ಟರೂ ಮೂಸಿ ನೋಡುತ್ತೀಯಲ್ಲ!"

"ಮೂಸದೆ ತಿಂದವರನ್ನೇ ಕಣೋ ಹಡಗು ಹತ್ತಿಸಿದ್ದು."

ಸಭೆಯಲ್ಲಿ ಮೊದಲು ಒಬ್ಬ ವರ್ತಕ ಎದ್ದ. "ಮಾಗಿದ ಗಾಯ ಕೆರೆಯುವುದೇಕೆ? ಈ ದಿನವೇ ಬೇಡ." ಕೇರಿಯವರು ಕೂಗೆಬ್ಬಿಸಿದರು. ಮಂತ್ರಿ ಕೈಯೆತ್ತಿ ಸುಮ್ಮನಾಗಿಸಿದ. "ದಿನ ಬೇಕೇ ಬೇಕು. ದೊಡ್ಡ ಮಹಾರಾಜರು ಬಿಡುಗಡೆ ಕೊಟ್ಟ ಹುಣ್ಣಿಮೆಯಂದೇ ಆಗಲಿ. ಆನೆಯ ಮೇಲೆ ಅವರ ಮೂರ್ತಿ, ಊರಿಗೆಲ್ಲ ಪಾಯಸ!"

ಜನ ಚಪ್ಪಾಳೆ ತಟ್ಟಿದರು. ಇನಾಸಿಗೆ ಈಗ ವಾಸನೆ ಹತ್ತಿತು. ಎದ್ದು ನಿಂತಳು.

"ಅವತ್ತು ಮಾತಾಡುವವರು ಯಾರು ಸ್ವಾಮಿ?"

"ಆಸ್ಥಾನದ ಕವಿಗಳು. ನೀವು ಮುಂದಿನ ಸಾಲಿನಲ್ಲಿ ದೀಪ ಹಿಡಿದು ನಿಂತರಾಯಿತು."

"ನಮ್ಮನ್ನು ಮಾರಿದವರು ಯಾರೆಂದು ಹೇಳುತ್ತೀರಾ?"

"ಹಬ್ಬದ ದಿನ ಅಂಥ ಮಾತೇಕಮ್ಮ?"

"ಹಾಗಾದರೆ ಈ ದಿನ ನಮಗೆ ಬೇಡ," ಎಂದಳು ಇನಾಸಿ. ಸಾಂತಾನ ಅವಳ ಸೆರಗು ಜಗ್ಗಿದ. "ಬಂದದ್ದನ್ನೂ ಕಳೆಯುತ್ತೀಯಾ?"

ಸಿಂಹಾಸನದಲ್ಲಿ ಕೂತಿದ್ದ ಎಳೆಯ ರಾಜ ಮೆಲ್ಲಗೆ ಕೇಳಿದ. "ಮತ್ತೆ ಯಾವ ದಿನ ಬೇಕಮ್ಮ?"

ಆ ಮೆದು ದನಿಯನ್ನೂ ಇನಾಸಿ ನಂಬಲಿಲ್ಲ. ಆದರೂ ಹೇಳಿದಳು. "ನಮ್ಮವರು ತಿರುಗಿಬಿದ್ದು ಬಂದರಿನಲ್ಲಿ ಹಡಗು ಸುಟ್ಟ ದಿನ. ನಿಮ್ಮ ಅಜ್ಜನ ಸೈನಿಕರು ಅವರನ್ನು ಅಲ್ಲೇ ಕಡಿದು ಹಾಕಿದರು. ಎಲ್ಲೆಡೆ ದಂಗೆ ಹಬ್ಬೀತೆಂಬ ಭಯಕ್ಕೆ ಬಿಡುಗಡೆ ಬಂದದ್ದು ಆಮೇಲೆ."

ರಾಜ ಮಂತ್ರಿಯ ಕಡೆ ತಿರುಗಿದ. "ನನಗೆ ಯಾರೂ ಇದನ್ನು ಹೇಳಿರಲಿಲ್ಲ. ನಿಜವೇ?" "ನಿಜ ಪ್ರಭು," ಎಂದ ಮಂತ್ರಿ.

"ಅದೇ ದಿನವಾಗಲಿ. ನೀವೇ ಮಾತಾಡಿ," ಎಂದ ರಾಜ.

ಆ ದಿನ ಬಂತು. ಆನೆ ಇರಲಿಲ್ಲ, ಪಾಯಸವೂ ಇರಲಿಲ್ಲ. ಇನಾಸಿ ಬಂದರಿನ ಕಲ್ಲಿನ ಮೇಲೆ ನಿಂತು, ಸತ್ತವರ ಹೆಸರುಗಳನ್ನೂ ಮಾರಿದವರ ಹೆಸರುಗಳನ್ನೂ ಒಂದೊಂದಾಗಿ ಹೇಳಿದಳು. ರಾಜ ಬರಿಗಾಲಲ್ಲಿ ನಿಂತು ಕೇಳಿದ.

"ಈಗಲಾದರೂ ನಂಬಿದೆಯಾ ಅಕ್ಕಾ?" ಎಂದ ಸಾಂತಾನ, ಕಣ್ಣೊರೆಸಿಕೊಳ್ಳುತ್ತ.

"ಮುಂದಿನ ವರ್ಷವೂ ಬರಲಿ. ಆಮೇಲೆ ನೋಡೋಣ," ಎಂದಳು ಇನಾಸಿ.

ನೀತಿ: ಸಂಕೋಲೆ ಬಿಚ್ಚಿದವನನ್ನು ಹೊಗಳುವ ಭರದಲ್ಲಿ ಅದನ್ನು ತೊಡಿಸಿದವನನ್ನು ಮರೆಯಬಾರದು. ನೊಂದವರ ಬಾಯಿ ಕಟ್ಟಿ ಹಚ್ಚಿದ ದೀಪದಿಂದ ಬೆಳಕು ಬರುವುದಿಲ್ಲ.