ಕೈಬಿಟ್ಟ ದಿಬ್ಬ

ಜರ್ಮನಿಯ ನಡುನಾಡಿನಲ್ಲಿ, ಎರ್ಲ ಎಂಬ ಸಣ್ಣ ಹೊಳೆಯ ದಡದಲ್ಲಿ ಎರ್ಲನ್‌ಬರ್ಗ್ ಎಂಬ ಊರಿದೆ. ದೊಡ್ಡ ರೈಲುಗಳು ಅಲ್ಲಿ ನಿಲ್ಲುವುದಿಲ್ಲ. ಸಣ್ಣ ರೈಲಿನಲ್ಲಿ ಬಂದಿಳಿದವರಿಗೆ ಮೊದಲು ಕಾಣುವುದು ಕೆಂಪು ಹೆಂಚಿನ ಮನೆಗಳು, ಅವುಗಳ ಹಿಂದೆ ಬಣ್ಣ ಮಾಸಿದ ಹಳೆಯ ಅರಮನೆ, ಅರಮನೆಗೆ ಅಂಟಿಕೊಂಡಂತಿರುವ ಪುಟ್ಟ ಇಗರ್ಜಿ. ಊರಿನ ದಕ್ಷಿಣಕ್ಕೆ, ಬಾರ್ಲಿ ಹೊಲಗಳು ಮುಗಿಯುವಲ್ಲಿ, ಒಂದು ದಿಬ್ಬವಿದೆ. ಬೆಟ್ಟ ಎನ್ನುವಷ್ಟು ಎತ್ತರದ್ದಲ್ಲ. ವಯಸ್ಸಾದವರೂ ಮಾತಾಡುತ್ತಲೇ ಹತ್ತಿಬಿಡಬಹುದು. ಮೇಲೆ ಗುಡಿಯಿಲ್ಲ, ಕಂಬವಿಲ್ಲ, ಬರೀ ಹುಲ್ಲು ಮತ್ತು ಗಾಳಿ. ಸರ್ಕಾರದ ನಕಾಶೆಯಲ್ಲಿ ಇದರ ಹೆಸರು 'ಅರಸನ ದಿಬ್ಬ'. ಆದರೆ ಊರಿನಲ್ಲಿ ಆ ಹೆಸರು ಹಿಡಿದು ದಾರಿ ಕೇಳಿದರೆ ಜನ ಒಂದು ಕ್ಷಣ ಯೋಚಿಸಬೇಕಾಗುತ್ತದೆ. ಅವರು ಅದನ್ನು ಕರೆಯುವುದು 'ಹಾಂಡ್‌ಲಾಸ್' ಎಂದು. ನಮ್ಮ ಮಾತಿಗೆ ತಂದರೆ 'ಕೈಬಿಟ್ಟ ದಿಬ್ಬ'.

ಹಿಂದೆ ಒಮ್ಮೆ ಈ ಊರು ಮತ್ತು ಸುತ್ತಲಿನ ಕಣಿವೆ ಸೇರಿ ಒಂದು ಸಂಸ್ಥಾನವಾಗಿತ್ತು. ಬೇಟೆಗೆ ಬಂದು ಜೌಗಿನಲ್ಲಿ ಹೂತುಹೋಗುತ್ತಿದ್ದ ಯಾವನೋ ಚಕ್ರವರ್ತಿಯನ್ನು ಗೆಬ್‌ಹಾರ್ಡ್ ಎಂಬ ಕಾಡು ಕಾಯುವವನು ಜುಟ್ಟು ಹಿಡಿದು ಎಳೆದು ದಡಕ್ಕೆ ಹಾಕಿದನಂತೆ. ಅದಕ್ಕಾಗಿ ಈ ಕಣಿವೆ ಅವನಿಗೆ ಉಂಬಳಿಯಾಗಿ ಬಂತು ಎನ್ನುತ್ತಾರೆ. ಅವನ ವಂಶದವರು ಮೊದಲು ಪಾಳೆಯಗಾರರಂತಿದ್ದು ಬರಬರುತ್ತ ಅರಸರೆನಿಸಿಕೊಂಡರು. ಹಿರಿಮಕ್ಕಳಿಗೆಲ್ಲ ಮೂಲಪುರುಷನ ಹೆಸರನ್ನೇ ಇಡುವುದು ಆ ಮನೆತನದ ಪದ್ಧತಿ. ಆದ್ದರಿಂದ ಕುಂಟ ಗೆಬ್‌ಹಾರ್ಡ್, ಕೆಂಪುಗಡ್ಡದ ಗೆಬ್‌ಹಾರ್ಡ್, ನಿದ್ದೆಬುರುಕ ಗೆಬ್‌ಹಾರ್ಡ್ ಎಂದೇ ಜನ ಅವರನ್ನು ಗುರುತಿಸುತ್ತಿದ್ದರು. ಪ್ರತಿ ತಲೆಮಾರಿನಲ್ಲೂ ಕಿರಿಯ ಮಕ್ಕಳಿಗೆ ಪಾಲು ಕೊಟ್ಟು ಕೊಟ್ಟು ರಾಜ್ಯ ಸಾಬೂನಿನಂತೆ ಸವೆಯಿತು. ಕೊನೆಕೊನೆಗೆ ಅರಸ ಬೆಳಗಿನ ತಿಂಡಿ ಮುಗಿಸಿ ಕುದುರೆ ಹತ್ತಿದರೆ ಮಧ್ಯಾಹ್ನದ ಊಟದೊಳಗೆ ತನ್ನ ರಾಜ್ಯವನ್ನೆಲ್ಲ ಸುತ್ತಿ ಮನೆಗೆ ಬರಬಹುದಾಗಿತ್ತು. ದಕ್ಷಿಣದ ಗಡಿ ಈ ದಿಬ್ಬವೇ. ಅದರಾಚೆಯ ಇಳಿಜಾರು ಪರರಾಜ್ಯ.

ಈ ಮನೆತನಕ್ಕೆ ಸೊಸೆಯಾಗಿ ಬಂದವಳು ಸಿಬಿಲ್ಲ. ಅವಳ ತವರೂ ಇಂಥದೇ ಒಂದು ಸಂಸ್ಥಾನ, ಇದಕ್ಕಿಂತ ಬಡವಾದುದು. ಅವಳ ಗಂಡನನ್ನು ಜನ ಮೆದುಮಾತಿನ ಗೆಬ್‌ಹಾರ್ಡ್ ಎನ್ನುತ್ತಿದ್ದರು. ಆಗ ಹದಿನೇಳನೆಯ ಶತಮಾನದಲ್ಲಿ ಮೂವತ್ತು ವರ್ಷ ನಡೆದ ಆ ಘೋರ ಯುದ್ಧದ ಕಾಲ. ಕ್ಯಾಥೊಲಿಕ್ ಮತದ ಚಕ್ರವರ್ತಿ ಒಂದು ಕಡೆ, ಪ್ರೊಟೆಸ್ಟೆಂಟ್ ಅರಸರು ಇನ್ನೊಂದು ಕಡೆ. ದೊಡ್ಡವರ ಆ ಜಗಳದಲ್ಲಿ ಎರ್ಲನ್‌ಬರ್ಗಿನಂಥ ಸಂಸ್ಥಾನಗಳು ದಾರಿಯ ಹುಲ್ಲಾಗಿದ್ದವು. ಬಂದ ಸೇನೆಯೂ ತುಳಿಯಿತು, ಹೋದ ಸೇನೆಯೂ ತುಳಿಯಿತು. ಊರು ಪ್ರೊಟೆಸ್ಟೆಂಟರದು. ಆದರೂ ಮೆದುಮಾತಿನ ಅರಸ ಎರಡು ಕಡೆಯವರಿಗೂ ಕಾಣಿಕೆ ಕಳಿಸಿ, ಇಬ್ಬರಿಗೂ ತಲೆಬಾಗಿ, ಹೇಗೋ ದಿನ ನೂಕುತ್ತಿದ್ದ. ಒಂದು ಚಳಿಗಾಲದಲ್ಲಿ ಅಂಥ ಒಂದು ಓಡಾಟದಿಂದ ಜ್ವರ ಹೊತ್ತುಕೊಂಡು ಬಂದವನು ಮತ್ತೆ ಏಳಲಿಲ್ಲ. ಸಿಬಿಲ್ಲಳ ಮಡಿಲಲ್ಲಿ ಉಳಿದವನು ಐದು ವರ್ಷದ ಮಗ, ಅವನೂ ಗೆಬ್‌ಹಾರ್ಡನೇ. ಅವಳ ಬಾಯಲ್ಲಿ ಅವನು ಗೆಬಿ. ಅವನ ತಲೆಗೆ ಕಿರೀಟ ದೊಡ್ಡದಾಯಿತೆಂದು ಒಳಗೆ ಬಟ್ಟೆ ಸುತ್ತಿ ಪಟ್ಟ ಕಟ್ಟಿದರು. ಅವನ ಪರವಾಗಿ ರಾಜ್ಯ ನೋಡಿಕೊಳ್ಳುವ ಹೊಣೆ ತಾಯಿಯ ಹೆಗಲಿಗೆ ಬಂತು. ಅವಳಿಗೆ ಆಸರೆಯಾಗಿದ್ದವನು ಫೈಟ್ ಎಂಬ ಮುದಿ ದಿವಾನನೊಬ್ಬನೇ.

ಬಾರ್ಲಿ ತೆನೆ ಕಟ್ಟುವ ಹೊತ್ತಿಗೆ ಚಕ್ರವರ್ತಿಯ ಸೇನೆ ಬಂತು. ದಿಬ್ಬದಿಂದ ಹೊಳೆಯವರೆಗೆ ಡೇರೆಗಳು ಎದ್ದವು. ಸೇನಾಪತಿ ಊರಿಗೆ ಬೆಂಕಿ ಇಡಲಿಲ್ಲ. ಟೋಪಿ ತೆಗೆದು ಅರಮನೆಗೆ ಬಂದು, ಸಿಬಿಲ್ಲಳ ಎದುರು ಕುಳಿತು, ಬಂದ ವಿಷಯವನ್ನು ಬಹಳ ವಿನಯದಿಂದ ಹೇಳಿದನು. ತಂದೆಯಿಲ್ಲದ ಅರಸುಮಕ್ಕಳಿಗೆ ಚಕ್ರವರ್ತಿಯೇ ತಂದೆ. ಆದ್ದರಿಂದ ಬಾಲಕನನ್ನು ಆಸ್ಥಾನಕ್ಕೆ ಕಳಿಸಿಕೊಡಬೇಕು. ಅಲ್ಲಿ ಅವನಿಗೆ ವಿದ್ಯೆಯೂ ಸರಿಯಾದ ಮತವೂ ದೊರೆಯುತ್ತವೆ. ಕಳಿಸದಿದ್ದರೆ ಊರನ್ನು ಸೈನಿಕರ ಲೂಟಿಗೆ ಬಿಡಬೇಕಾಗುತ್ತದೆ.

"ನನ್ನನ್ನು ಕರೆದುಕೊಂಡು ಹೋಗಿ. ಸೆರೆಯಲ್ಲಿಡಿ, ಏನು ಬೇಕಾದರೂ ಮಾಡಿ. ಅವನಿನ್ನೂ ರಾತ್ರಿ ಹೆದರಿ ಏಳುವ ಕೂಸು," ಎಂದಳು ಸಿಬಿಲ್ಲ.

ಸೇನಾಪತಿ ತಲೆ ತಗ್ಗಿಸಿದನು. "ರಾಣಿಯವರೇ, ನನಗೂ ಮಕ್ಕಳಿದ್ದಾರೆ. ಆದರೆ ನನ್ನ ಮೇಲೂ ಒಬ್ಬರಿದ್ದಾರೆ. ಅವರು ಕೇಳಿರುವುದು ನಿಮ್ಮನ್ನಲ್ಲ."

ಅವನು ಕೊಟ್ಟ ಗಡುವಿನೊಳಗೆ ಅವಳು ಮಾಡದ ಪ್ರಯತ್ನವಿಲ್ಲ. ನೆರೆಯ ಸಂಸ್ಥಾನದಲ್ಲಿ ಗಂಡನ ದಾಯಾದಿಯೊಬ್ಬನಿದ್ದ. ಅವನಲ್ಲಿಗೆ ಆಳು ಕಳಿಸಿದಳು. ಅವನು ಆಳಿಗೆ ಬಿಸಿ ಊಟ ಹಾಕಿಸಿ, ನಿಮಗಾಗಿ ದೇವರಲ್ಲಿ ಬೇಡುತ್ತೇನೆ ಎಂದು ಹೇಳಿ ಕಳಿಸಿದ. ಮಗುವಿಗೆ ಒಕ್ಕಲಿನವರ ಬಟ್ಟೆ ತೊಡಿಸಿ ಹೊಳೆ ದಾಟಿಸಿಬಿಡೋಣವೇ ಎಂದು ಫೈಟ್‌ನನ್ನು ಕೇಳಿದಳು. "ದಾಟುವ ಕಡೆಯಲ್ಲೆಲ್ಲ ಕಾವಲಿದೆ, ಅಮ್ಮನವರೇ. ದಾಟಿಸಿದೆವು ಅಂತಲೇ ಇಟ್ಟುಕೊಳ್ಳಿ. ಊರನ್ನು ಎಲ್ಲಿಗೆ ದಾಟಿಸುವುದು?" ಎಂದು ಮುದುಕ ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

ಗಡುವಿನ ಹಿಂದಿನ ದಿನ ಊರಿನ ಜನ ಅರಮನೆಯ ಅಂಗಳಕ್ಕೆ ಬಂದರು. ಯಾರೂ ಏನೂ ಕೇಳಲಿಲ್ಲ, ಕೂಗಲಿಲ್ಲ. ಗಂಡಸರು ಟೋಪಿ ಕೈಯಲ್ಲಿ ಹಿಡಿದು, ಹೆಂಗಸರು ಮಕ್ಕಳನ್ನು ಮುಂದೆ ನಿಲ್ಲಿಸಿಕೊಂಡು, ಸುಮ್ಮನೆ ನಿಂತರು. ಸಿಬಿಲ್ಲ ಮೆಟ್ಟಿಲಿಳಿದು ಅವರೆದುರು ಬಂದಳು. ಆಗ ಗುಂಪಿನಿಂದ ಉರ್ಸುಲ ಮುಂದೆ ಬಂದಳು. ರೊಟ್ಟಿ ಸುಡುವವನ ಹೆಂಡತಿ. ಗೆಬಿ ಹುಟ್ಟಿದಾಗ ಸಿಬಿಲ್ಲಳಿಗೆ ಹಾಲು ಸಾಲದೆ ಕೆಲಕಾಲ ಅವನಿಗೆ ಮೊಲೆಯೂಡಿಸಿದವಳು. ಒಂದು ಕಂಕುಳಲ್ಲಿ, ಒಂದು ಲಂಗದ ಹಿಂದೆ, ಅವಳಿಗೆ ಎರಡು ಹೆಣ್ಣುಮಕ್ಕಳು.

"ತಾಯೀ," ಎಂದಳು ಉರ್ಸುಲ. "ನಮಗೂ ಮಕ್ಕಳಿದ್ದಾವೆ." ಇಷ್ಟು ಹೇಳಿ ತಾನೇ ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು. ಸಿಬಿಲ್ಲಳಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಇವಳ ಜಾಗದಲ್ಲಿ ನಿಂತಿದ್ದರೆ ತಾನೂ ಇದನ್ನೇ ಹೇಳುತ್ತಿದ್ದೆನಲ್ಲ ಎಂದುಕೊಂಡು ಒಳಗೆ ಹೋದಳು.

ಮಾರನೆಯ ಬೆಳಿಗ್ಗೆ ತಾಯಿ ಗಡಿಯವರೆಗೆ ಮಗನ ಜೊತೆ ನಡೆದು ಬರಬಹುದೆಂದು ಸೇನಾಪತಿ ಒಪ್ಪಿದ್ದನು. ಚಕ್ರವರ್ತಿಯ ತೋಟದಲ್ಲಿ ಸಿಂಹಗಳಿವೆ, ಅವನ್ನು ನೋಡಲು ಹೋಗುತ್ತಿದ್ದೀಯೆ ಎಂದು ಅವಳು ಮಗನಿಗೆ ಹೇಳಿದ್ದಳು. ಹುಡುಗ ಖುಷಿಯಿಂದ ಕುಣಿಯುತ್ತ ಹೊರಟ. ಹೊಲದ ದಾರಿಯುದ್ದಕ್ಕೂ ಅವನ ಪ್ರಶ್ನೆಗಳು. ಸಿಂಹ ಮೀನು ತಿನ್ನುತ್ತದೆಯೇ? ಅದಕ್ಕೂ ಚಳಿಯಾಗುತ್ತದೆಯೇ? "ಅಮ್ಮ, ನೀನು ಸಿಂಹಕ್ಕೆ ಹೆದರುತ್ತೀಯಾ?" ಎಂದೂ ಕೇಳಿದ. ಅವಳು ಒಂದೊಂದಕ್ಕೂ ಉತ್ತರ ಕೊಟ್ಟಳು. ದಿಬ್ಬದ ಮೇಲೆ ಸಿಂಗರಿಸಿದ ಒಂದು ಪುಟ್ಟ ಕುದುರೆಯೂ, ಒಬ್ಬ ಅಧಿಕಾರಿಯೂ, ಕೆಲವು ಸವಾರರೂ ಕಾಯುತ್ತಿದ್ದರು. ತಾಯಿ ಅಲ್ಲಿಗೇ ನಿಂತುದನ್ನು ಕಂಡಾಗ ಹುಡುಗನಿಗೆ ಅರ್ಥವಾಯಿತು. ಎರಡೂ ಕೈಗಳಿಂದ ಅವಳ ಬಲಗೈಯನ್ನು ಬಿಗಿಯಾಗಿ ಹಿಡಿದುಕೊಂಡ, ಅಷ್ಟೆ.

ಹೊತ್ತು ಸರಿಯಿತು. ಸವಾರರು ಬೇರೆ ಕಡೆ ನೋಡತೊಡಗಿದರು. ಕೊನೆಗೆ ಅಧಿಕಾರಿ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, "ಪಟ್ಟವಾದ ಅರಸರ ಮೈ ಮುಟ್ಟುವ ಅಧಿಕಾರ ನಮಗಿಲ್ಲ, ಅಮ್ಮಾ. ನೀವೇ ಬಿಡಿಸಬೇಕು," ಎಂದನು.

ಅವಳು ಮಗನ ಕೈ ಬಿಡಿಸಿದಳು. ಒಂದು ಬೆರಳನ್ನು ಬಿಡಿಸಿದರೆ ಇನ್ನೊಂದು ಬಂದು ಹಿಡಿಯುತ್ತಿತ್ತು. ಅವನು ಅವಳ ಮುಖವನ್ನು ನೋಡುತ್ತಿರಲಿಲ್ಲ. ಅವಳ ಕೈ ಮಾಡುತ್ತಿದ್ದ ಕೆಲಸವನ್ನೇ ನೋಡುತ್ತಿದ್ದ. ಪೂರ್ತಿ ಬಿಟ್ಟಾಗ ತಾನೇ ಕುದುರೆಯ ಬಳಿಗೆ ಹೋಗಿ ನಿಂತ, ತಿರುಗಿ ನೋಡಲಿಲ್ಲ ಎನ್ನುತ್ತಾರೆ.

ಸೇನಾಪತಿ ಮಾತಿಗೆ ತಪ್ಪಲಿಲ್ಲ. ಲೂಟಿಯಾಗಲಿಲ್ಲ, ಒಂದು ಬಾಗಿಲೂ ಮುರಿಯಲಿಲ್ಲ. ಡೇರೆಗಳು ಎದ್ದುಹೋದವು. ಆದರೆ ಅವು ಇದ್ದ ಜಾಗದಲ್ಲಿ ಸೈನಿಕರು ಬಿಟ್ಟುಹೋದ ಹರಕು ಹೊದಿಕೆಗಳನ್ನೂ ಹುಲ್ಲಿನ ಹಾಸಿಗೆಗಳನ್ನೂ ಬಡವರು ಆರಿಸಿಕೊಂಡು ತಂದರು. ಅವುಗಳೊಡನೆ ಪ್ಲೇಗು ಊರಿಗೆ ಬಂತು. ಚಳಿಗಾಲ ಮುಗಿಯುವುದರೊಳಗೆ ಎರ್ಲನ್‌ಬರ್ಗಿನ ಅರ್ಧ ಜನ ಮಣ್ಣುಪಾಲಾದರು. ಬೀದಿಗೆ ಬೀದಿಯೇ ಬಾಗಿಲು ಹಾಕಿಕೊಂಡಿತು. ಸಿಬಿಲ್ಲ ಅರಮನೆಯ ಹಜಾರವನ್ನೆಲ್ಲ ರೋಗಿಗಳಿಗೆ ತೆರವು ಮಾಡಿಸಿ, ತಾನೇ ನೀರು ಹೊತ್ತಳು, ಗಂಜಿ ಕುಡಿಸಿದಳು. ಫೈಟ್ ಅಲ್ಲಿಯೇ ಸತ್ತ. ಅವಳಿಗೆ ಏನೂ ಆಗಲಿಲ್ಲ. ಎರಡೂ ಹೆಣ್ಣುಮಕ್ಕಳನ್ನು ಒಂದೇ ವಾರದಲ್ಲಿ ಕಳೆದುಕೊಂಡ ಉರ್ಸುಲ ಒಂದು ಬೆಳಿಗ್ಗೆ ಬಂದು ಅವಳೆದುರು ನಿಂತಳು. "ನಿಮ್ಮ ಕೂಸನ್ನೂ ಕಳಿಸಿಬಿಟ್ಟೆವಲ್ಲ ತಾಯೀ," ಎಂದಳು. ಸಿಬಿಲ್ಲ ಅವಳನ್ನು ಹಿಡಿದು ಕೂರಿಸಿದಳು. 'ನಿನ್ನ ತಪ್ಪಲ್ಲ' ಎಂಬ ಒಂದು ಮಾತಿತ್ತು, ಅದನ್ನು ಸಿಬಿಲ್ಲ ತನಗೇ ಹೇಳಿಕೊಳ್ಳಲಾರದೆ ಹೋಗಿದ್ದಳು.

ಮಗನ ಸುದ್ದಿ ಅಪರೂಪಕ್ಕೆ ವ್ಯಾಪಾರಿಗಳ ಬಾಯಲ್ಲಿ ಬರುತ್ತಿತ್ತು. ಎತ್ತರವಾಗಿದ್ದಾನೆ, ಲ್ಯಾಟಿನ್ ಓದುತ್ತಾನೆ, ಇಟಲಿಗೆ ಕಳಿಸಿದ್ದಾರೆ. ಯುದ್ಧ ಮುಗಿದು ಶಾಂತಿಯಾದ ಮೇಲೆ ಒಂದು ವಸಂತದಲ್ಲಿ ಅವನೇ ಬಂದ. ಊರೆಲ್ಲ ಬೀದಿಗಿಳಿಯಿತು. ಗಾಡಿಯಿಂದ ಇಳಿದವನು ಕಪ್ಪು ನಿಲುವಂಗಿ ತೊಟ್ಟ ತೆಳ್ಳನೆಯ ಯುವಕ, ಕ್ಯಾಥೊಲಿಕ್ ಪಾದ್ರಿ. ದೀಕ್ಷೆಯ ಹೊತ್ತಿಗೆ ಗೆಬ್‌ಹಾರ್ಡ್ ಎಂಬ ಹೆಸರು ಕಳಚಿಟ್ಟು ಬೇರೆ ಹೆಸರು ಪಡೆದಿದ್ದ. ಹುಟ್ಟಿದೂರಿನ ಮಾತನ್ನು ಪುಸ್ತಕ ಓದಿದಂತೆ ಒಂದೊಂದೇ ಪದ ಎತ್ತಿ ಆಡುತ್ತಿದ್ದ. ಪಾದ್ರಿಯಾದವನಿಗೆ ಪಟ್ಟವಿಲ್ಲ, ಮದುವೆಯಿಲ್ಲ, ಮಕ್ಕಳಿಲ್ಲ. ರಾಜ್ಯವನ್ನು ಆ ನೆರೆಯ ದಾಯಾದಿಗೆ ಒಪ್ಪಿಸಿ ಹೋಗಲು ಬಂದಿದ್ದ.

ತಾಯಿಯೂ ಮಗನೂ ಊಟದ ಕೋಣೆಯಲ್ಲಿ ಎದುರುಬದುರು ಕುಳಿತರು. ಅವನು ಮೀನಿನ ಮುಳ್ಳನ್ನು ನಾಜೂಕಾಗಿ ತಟ್ಟೆಯ ಅಂಚಿಗೆ ಸರಿಸುತ್ತಿದ್ದ. ಅವಳು ಕೇಳಬಾರದೆಂದುಕೊಂಡರೂ ಕೇಳಿಬಿಟ್ಟಳು.

"ಹೊರಟ ದಿನ ನೆನಪಿದೆಯೇ?"

"ಇದೆ. ನೀವು ನನ್ನ ಕೈ ಬಿಡಿಸಿದಿರಿ. ಯಾಕೆಂದು ಯಾರೂ ಹೇಳಲಿಲ್ಲ," ಎಂದ. ದನಿಯಲ್ಲಿ ದೂರಿರಲಿಲ್ಲ.

ಅವಳು ಹೇಳಿದಳು. ಸೇನಾಪತಿಯ ಮಾತು, ದಾಯಾದಿಯ ಮಾತು, ಅಂಗಳದಲ್ಲಿ ನಿಂತ ಜನ, ಉರ್ಸುಲ. ಇಷ್ಟು ವರ್ಷ ಯಾರಿಗೂ ಹೇಳದಿದ್ದುದನ್ನೆಲ್ಲ ಹೇಳಿದಳು. ಅವನು ತಟ್ಟೆ ಸರಿಸಿ, ಮುಂದಕ್ಕೆ ಬಾಗಿ ಕೇಳಿದ. ಅವನ ಮುಖದಲ್ಲಿ ಏನೋ ಸಡಿಲವಾಗುತ್ತಿರುವುದು ಅವಳಿಗೆ ಕಂಡಿತು. ಕೊನೆಗೆ ಅವನು, "ಹಾಗಾದರೆ ಊರು ಉಳಿಯಿತು," ಎಂದ.

ಹೌದು ಎಂದುಬಿಡಬಹುದಾಗಿತ್ತು. ಅವನು ಅದನ್ನು ನಂಬಲು ಕಾದಿದ್ದ. ಆದರೆ ಸಿಂಹಗಳ ಕತೆ ಹೇಳಿದ ಬಾಯಿಯಿಂದ ಇನ್ನೊಂದು ಸುಳ್ಳು ಹೊರಡಲಿಲ್ಲ.

"ಇಲ್ಲ ಮಗನೇ. ಉಳಿಯಲಿಲ್ಲ."

ಅವನು ಎದ್ದು, ಪ್ರಾರ್ಥನೆಯ ಹೊತ್ತಾಯಿತೆಂದು ಹೊರಗೆ ಹೋದ. ಮರುದಿನ ಹೊರಡುವಾಗ ಗಾಡಿಯನ್ನು ಹೊಳೆಯ ದಾರಿಯಲ್ಲಿ ಹೊಡೆಯಲು ಹೇಳಿದ. ಅದು ಸುತ್ತು ದಾರಿ, ದಿಬ್ಬ ಸಿಗುವುದಿಲ್ಲ. ಬಾಗಿಲಲ್ಲಿ ನಿಂತಿದ್ದ ತಾಯಿಯ ಬಳಿಗೆ ಬಂದು ಬಲಗೈ ಎತ್ತಿದ. ಅವಳು ಒಂದು ಕ್ಷಣ ತನ್ನ ಕೈ ಮುಂದೆ ಚಾಚಿದಳು. ಆದರೆ ಅವನು ಎತ್ತಿದ್ದು ಆಶೀರ್ವಾದಕ್ಕೆ, ದಾರಿಯಲ್ಲಿ ಎದುರಾದ ಯಾವ ಮುದುಕಿಗಾದರೂ ಪಾದ್ರಿ ಮಾಡುವಂತೆ. ಅವಳು ಚಾಚಿದ ಕೈ ಹಿಂದಕ್ಕೆಳೆದುಕೊಂಡು ತಲೆ ಬಾಗಿಸಿದಳು. ಗೆಬ್‌ಹಾರ್ಡರ ನೇರ ವಂಶ ಅಲ್ಲಿಗೆ ಮುಗಿಯಿತು.

ಹೊಸ ಅರಸ ದಿಬ್ಬಕ್ಕೆ ತನ್ನ ನೆನಪಿಗಾಗಿ 'ಅರಸನ ದಿಬ್ಬ' ಎಂಬ ಹೆಸರಿಟ್ಟು ಕಲ್ಲು ನೆಡಿಸಿದ. ಅದು ಯಾವ ಕಲ್ಲು ಎಂದು ಉರ್ಸುಲಳನ್ನು ಯಾರೋ ಕೇಳಿದಾಗ, "ಅರಸ ಎಲ್ಲಿಂದ ಬಂದ? ಅದು ಕೈಬಿಟ್ಟ ದಿಬ್ಬ," ಎಂದಳಂತೆ. ಕಲ್ಲು ಎಂದೋ ಬಿದ್ದುಹೋಯಿತು. ಅವಳ ಮಾತು ಉಳಿಯಿತು. ಯಾರು ಯಾರ ಕೈಬಿಟ್ಟದ್ದು ಎಂಬ ಬಗ್ಗೆ ಮಾತ್ರ ಊರಿನ ಹಿರಿಯರಲ್ಲಿ ಇಂದಿಗೂ ಒಮ್ಮತವಿಲ್ಲ. ತಾಯಿ ಮಗನನ್ನು ಎನ್ನುವವರುಂಟು, ಊರೇ ಅವರಿಬ್ಬರನ್ನೂ ಎನ್ನುವವರುಂಟು. ಇನ್ನು ಕೆಲವರು ಮೇಲೆ ಆಕಾಶದ ಕಡೆ ಬೆರಳು ತೋರಿಸುತ್ತಾರೆ.

ದಿಬ್ಬದ ಮೇಲೆ ನೋಡಲು ಏನೂ ಇಲ್ಲವೆಂದು ಬೇಸರಪಟ್ಟು ಇಳಿದವರನ್ನು ಊರಿನವರು ಅರಮನೆಯ ಇಗರ್ಜಿಗೆ ಕಳಿಸುತ್ತಾರೆ. ಅಲ್ಲಿ ಗೋಡೆಯುದ್ದಕ್ಕೂ ಗೆಬ್‌ಹಾರ್ಡರೆಲ್ಲ ಅವರ ರಾಣಿಯರ ಜೊತೆ ಕಲ್ಲಿನಲ್ಲಿ ಮಲಗಿದ್ದಾರೆ, ಎಲ್ಲರ ಕೈಗಳೂ ಎದೆಯ ಮೇಲೆ ಜೋಡಿಸಿಕೊಂಡಿವೆ. ಕೊನೆಯ ಸಮಾಧಿ ಸಿಬಿಲ್ಲಳದು. ಅವಳ ಕೈಗಳು ಮಾತ್ರ ಎರಡೂ ಪಕ್ಕಕ್ಕೆ, ಅಂಗೈ ಮೇಲಾಗಿ, ಬಿಚ್ಚಿಕೊಂಡು ಬಿದ್ದಿವೆ. ಅವಳೇ ಶಿಲ್ಪಿಗೆ ಹಾಗೆ ಮಾಡಲು ಹೇಳಿದ್ದಳು ಎನ್ನುತ್ತಾರೆ. ಬಂದವರು ಹಿಡಿದು ಹಿಡಿದು ಬೆರಳುಗಳ ತುದಿ ಸವೆದು ನುಣುಪಾಗಿದೆ. ಎಲೆ ಉದುರುವ ದಿನಗಳಲ್ಲಿ ಹೋದರೆ ಆ ಅಂಗೈಗಳ ತುಂಬ ಚೆಸ್ಟ್‌ನಟ್ ಮರದ ಕಂದು ಕಾಯಿಗಳಿರುತ್ತವೆ. ಶಾಲೆ ಬಿಟ್ಟು ಮನೆಗೆ ಹೋಗುವ ಮಕ್ಕಳು ಇಟ್ಟುಹೋಗುವುದು. ಇದನ್ನು ಯಾರು ಶುರುಮಾಡಿದರೋ ಗೊತ್ತಿಲ್ಲ, ಯಾರೂ ಅವರಿಗೆ ಹೇಳಿಕೊಟ್ಟಿಲ್ಲ.