ಇದ್ದೀಯಾ?

ನೀರಿನ ಕಚೇರಿಯ ಕಂಪ್ಯೂಟರ್ ಕೋಣೆಯಲ್ಲಿ ಬೋರಲಿಂಗ ಒಬ್ಬನೇ. ಜೊತೆಗೊಬ್ಬರು ಬೇಕೆಂದು ಕೇಳಿ ಕೇಳಿ ಅವನ ನಾಲಿಗೆ ಸವೆದಿತ್ತು.

"ಒಂದು ಸರ್ವರ್ ಕೆಟ್ಟರೂ ಡೇಟಾಬೇಸ್ ನಿಲ್ಲಬಾರದು. ಪರೀಕ್ಷೆ ಮಾಡಿ ತೋರಿಸು. ಹೊಸ ಯಂತ್ರವೂ ಇಲ್ಲ, ಹೊಸ ಜನವೂ ಇಲ್ಲ!" ಎಂದು ಸಾಹೇಬರು ಗದರಿದರು.

ಅವನು ಇದ್ದೊಂದು ಯಂತ್ರದೊಳಗೇ ಬೇರೆ ಬೇರೆ ಕಂಪ್ಯೂಟರಿನಂತೆಯೇ ನಡೆಯುವ ಮೂರು ವರ್ಚುವಲ್ ಯಂತ್ರ ಮಾಡಿ, ಮೂರರಲ್ಲೂ ಡೇಟಾಬೇಸ್ ಇಟ್ಟ. ಸಾಹೇಬರ ಕಣ್ಣೆದುರೇ ಒಂದನ್ನು ಆಫ್ ಮಾಡಿದ. ಉಳಿದೆರಡು ತಟ್ಟನೆ ಅದರ ಕೆಲಸ ಹೊತ್ತುಕೊಂಡವು.

"ಭಲೇ! ಅವಕ್ಕೆ ಹೇಗಯ್ಯಾ ಗೊತ್ತಾಯ್ತು?"

"ಕ್ಷಣಕ್ಷಣಕ್ಕೂ 'ಇದ್ದೀಯಾ?' ಅಂತ ಒಂದನ್ನೊಂದು ಕೇಳ್ತಿರ್ತವೆ, ಸಾರ್. ಹೋದ ವಾರವೆಲ್ಲ ನಾನು ಜ್ವರದಲ್ಲಿ ಮನೇಲಿ ಮಲಗಿದ್ದೆ. ನಿಮಗೆ ಗೊತ್ತಾಯ್ತಾ?"

ಸಾಹೇಬರು ಹೊರಟುಹೋದರು.

ಮರುದಿನ ಬೋರಲಿಂಗ ಕೋಣೆಯ ಬೀಗ ತೆಗೆಯುವಷ್ಟರಲ್ಲಿ, ಧೂಳು ಹಿಡಿದಿದ್ದ ಫೋನು ಬಡಿದುಕೊಂಡಿತು. ಅತ್ತಲಿಂದ ಸಾಹೇಬರ ದನಿ:

"ಇದ್ದೀಯೇನಯ್ಯಾ?"