ಕರಿಹಳ್ಳದ ಮಠದ ನೋವಿನ ಪುಡಿ

ಕರಿಹಳ್ಳದ ಮಠಕ್ಕೆ ಗೋಪುರ, ಮಹಾದ್ವಾರ ಯಾವುದೂ ಇರಲಿಲ್ಲ. ಮಣ್ಣಿನ ಮಾಳಿಗೆಯ ಪುಟ್ಟ ಮನೆ, ಮುಂದೊಂದು ಬೇವಿನ ಮರ, ಅದರ ಬುಡದಲ್ಲಿ ಒಂದು ಒಳಕಲ್ಲು, ಇಷ್ಟೇ. ಪೂಜ್ಯ ನಿಂಬಯ್ಯ ಶಿವಯೋಗಿಗಳು ಲಿಂಗಪೂಜೆ ಮುಗಿಸಿ ಆ ಮರದ ಕೆಳಗೆ ಗೋಣಿತಟ್ಟು ಹಾಸಿ ಕೂಡುತ್ತಿದ್ದರು. ಬಂದವರ ಕಷ್ಟ ಕೇಳುತ್ತಲೇ ಹಿರೇಮದ್ದಿನ ಬೇರು, ಒಣಶುಂಠಿ, ನೆಗ್ಗಿಲುಗಳನ್ನು ಹಸನು ಮಾಡುತ್ತಿದ್ದರು. ಅವುಗಳಿಂದಾದ ಕೀಲುನೋವಿನ ಪುಡಿಯನ್ನು ಪ್ರತಿ ಅಮಾವಾಸ್ಯೆಗೆ ಭಕ್ತರಿಗೆ ಹಂಚುವುದು ಅವರ ಗುರುಗಳ ಕಾಲದಿಂದ ನಡೆದುಬಂದ ಪದ್ಧತಿ. ಅಜ್ಜಾರು ಎಂದೇ ಜನ ಅವರನ್ನು ಕರೆಯುತ್ತಿದ್ದರು. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಆ ಸೀಮೆಯಲ್ಲಿ ಮಾತ್ರ ನಡೆಯುತ್ತಿರಲಿಲ್ಲ.

ಅಜ್ಜನವರಿಗೆ ವಯಸ್ಸಾಗಿ ಕೈ ಸೋತ ಮೇಲೆ ಪುಡಿ ಕುಟ್ಟುವ ಸೇವೆಯನ್ನು ಮುರಿಗೆಪ್ಪನೆಂಬ ಭಕ್ತ ವಹಿಸಿಕೊಂಡ. ತಾಲೂಕಿನ ಊರಿನಲ್ಲಿ ಔಷಧದ ಅಂಗಡಿ ಇಟ್ಟವನು. ಮಠಕ್ಕಾಗಿ ಪ್ರಾಣವನ್ನಾದರೂ ಕೊಡುವಂಥವನು. ಪುಡಿ ಅವನ ಕೈಗೆ ಹೋದದ್ದೇ ತಡ, ಅದರ ಕೀರ್ತಿ ನಾಲ್ಕು ದಿಕ್ಕಿಗೆ ಹಬ್ಬಿತು. ಕೋಲೂರಿಕೊಂಡು ಬಂದವರು ಮುಂದಿನ ಅಮಾವಾಸ್ಯೆಗೆ ಕೈಬೀಸಿಕೊಂಡು ಬಂದರು.

ಹಾಗೆ ಎದ್ದು ಓಡಾಡಿದವರಲ್ಲಿ ಸಂಗವ್ವನೂ ಒಬ್ಬಳು. ಆಕೆಯ ಮಗ ರಾಚಪ್ಪ ಸರ್ಕಾರದ ಡ್ರಗ್ ಇನ್ಸ್‌ಪೆಕ್ಟರ್. ಅಂಗಡಿಗಳಲ್ಲಿ ಮಾರುವ ಔಷಧದಲ್ಲಿ ಖರೇ ಯಾವುದು, ಖೊಟ್ಟಿ ಯಾವುದು ಎಂದು ಪರೀಕ್ಷಿಸಿ, ತಪ್ಪು ಕಂಡರೆ ಬೀಗ ಜಡಿಯುವುದು ಅವನ ಕೆಲಸ. ಮಠ, ಸ್ವಾಮಿ ಎಂದರೆ ಮೂಗು ಮುರಿಯುವ ಆಸಾಮಿ. ಆದರೂ ಹಾಸಿಗೆ ಹಿಡಿದಿದ್ದ ತಾಯಿ ತಾನೇ ಎದ್ದು ರೊಟ್ಟಿ ಬಡಿಯುವುದನ್ನು ಕಂಡು ಬಾಯಿ ಮುಚ್ಚಿಕೊಂಡಿದ್ದ. ವರ್ಷ ತುಂಬುವುದರೊಳಗೆ ಆಕೆಯ ಮುಖ ಊದಿ ದುಂಡಗಾಯಿತು. ತುಸು ತಾಗಿದರೂ ಚರ್ಮ ಕಪ್ಪುಗಟ್ಟತೊಡಗಿತು. “ಅಜ್ಜಾರ ಪ್ರಸಾದ, ಮೈ ಹತ್ತೇತಿ ತಗೋ” ಎಂದು ಸಂಗವ್ವ ನಕ್ಕಳು. ಮಗನಿಗೆ ನಗು ಬರಲಿಲ್ಲ. ಪುಡಿಯನ್ನು ಸರ್ಕಾರಿ ಪ್ರಯೋಗಾಲಯಕ್ಕೆ ಕಳಿಸಿದ. ಅವನ ಸಂಶಯ ನಿಜವಾಯಿತು. ಬೇರಿನ ಪುಡಿಯಲ್ಲಿ ಸ್ಟಿರಾಯ್ಡ್ ಮಾತ್ರೆಗಳನ್ನು ಅರೆದು ಬೆರೆಸಿದ್ದರು. ನೋವನ್ನು ಥಟ್ಟನೆ ಅಡಗಿಸುವ, ಆದರೆ ವೈದ್ಯರ ಕಾವಲಿಲ್ಲದೆ ತಿಂದರೆ ದೇಹವನ್ನೇ ಒಳಗಿಂದ ಹಾಳುಮಾಡುವ ಔಷಧವದು.

ರಾಚಪ್ಪ ಸಿಟ್ಟಿನ ಕೈಗೆ ಬುದ್ಧಿ ಕೊಟ್ಟ. ದೇವರ ಜಗುಲಿಯ ಮೇಲೆ ತಾಯಿ ಜೋಪಾನವಾಗಿಟ್ಟಿದ್ದ ಪೊಟ್ಟಣಗಳನ್ನೆಲ್ಲ ಬಾಚಿ ಗಟಾರಕ್ಕೆ ಸುರಿದ. “ಪ್ರಸಾದ ಚೆಲ್ಲಿದೆಲ್ಲೋ ಪಾಪಿ!” ಎಂದು ಆಕೆ ಗೋಳಾಡಿದಳು. ಒಂದೆರಡು ದಿನ ಬಿಟ್ಟು ಅಮಾವಾಸ್ಯೆ. ಅಂದು ಬೆಳಿಗ್ಗೆ ಸಂಗವ್ವ, “ಮೈಯಾಗ ಬಲಾನ ಇಲ್ಲೋ ಯಪ್ಪಾ, ವಾಂತಿ ಬಂದಂಗ ಆಗತೈತಿ” ಎಂದಳು. ಇದು ಮುನಿಸಿನ ಮಾತು ಎಂದುಕೊಂಡು ಮಗ ಪೊಲೀಸರೊಡನೆ ಕರಿಹಳ್ಳಕ್ಕೆ ಹೊರಟ ಜೀಪು ಹತ್ತಿದ.

ಮಠದ ಅಂಗಳದಲ್ಲಿ ಜನವೋ ಜನ. ಇನ್ಸ್‌ಪೆಕ್ಟರ್ ಬಂದ ಕಾರಣ ತಿಳಿದದ್ದೇ ಗುಂಪು ಕೆರಳಿತು. “ಅಜ್ಜಾರ ಮದ್ದಿಗೆ ಕೈ ಹಚ್ಚಿ ನೋಡ್ರಿ, ಹೆಂಗ ತಿರುಗಿ ಹೋಗತೀರಿ ನೋಡತೇವಿ!” ಎಂದು ಗದ್ದಲವೆದ್ದಿತು. ಅಜ್ಜನವರು ಕೈಯೆತ್ತಿದರು, ಗದ್ದಲ ನಿಂತಿತು. ಪುಡಿಯಲ್ಲಿ ಏನು ಸಿಕ್ಕಿದೆ ಎಂಬುದನ್ನು ರಾಚಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ. ಅಜ್ಜನವರು ಮುರಿಗೆಪ್ಪನ ಕಡೆ ನೋಡಿದರು, ಅಷ್ಟೇ. ಅವನು ಅವರ ಪಾದದ ಮೇಲೆ ಬಿದ್ದ.

“ಯಪ್ಪಾ, ಆಸೇಕ್ಕ ಬಿದ್ದು ಮಾಡಿಲ್ರೀ. ಅಜ್ಜಾರ ಪುಡಿ ಮೊದಲಿನಂಗ ಹತ್ತವಲ್ದು ಅಂತ ಮಂದಿ ಆಡಾಕ ಹತ್ತಿದ್ರು. ನಿಮ್ಮ ಮದ್ದು ಸೋತಿದ್ದ ನೋಡಾಕ ನನ್ನ ಕೈಲೆ ಆಗಲಿಲ್ರೀ.”

ಗುರುವನ್ನು ಗೆಲ್ಲಿಸಲು ಹೊರಟ ಶಿಷ್ಯನ ಗತಿ ಇದು! ಭಕ್ತಿಗೆ ಕಣ್ಣಿಲ್ಲದಿದ್ದರೆ ಎಂಥ ಅನಾಹುತವಾಗುತ್ತದೆ ನೋಡಿ.

ರಾಚಪ್ಪ ಗೆದ್ದವನಂತೆ ಅರಗು, ಮೊಹರು ಹೊರತೆಗೆದ. ಅಜ್ಜನವರು ಸಿಟ್ಟಾಗುತ್ತಾರೆ, ಇಲ್ಲವೇ ಬಿಟ್ಟುಬಿಡಿ ಎಂದು ಬೇಡುತ್ತಾರೆ ಎಂದುಕೊಂಡಿದ್ದ. ಅವರು ಎರಡನ್ನೂ ಮಾಡಲಿಲ್ಲ. ಮೆಲ್ಲಗೆ ಕೇಳಿದರು:

“ತಮ್ಮಾ, ಇವತ್ತ ಒಮ್ಮಿಂದೊಮ್ಮೆಲೆ ಪುಡಿ ನಿಂತ್ರ, ತಿನ್ನಾವ್ರಿಗೆ ಏನಾಗತೈತಿ?”

ರಾಚಪ್ಪನ ಕೈ ಅಲ್ಲಿಯೇ ನಿಂತಿತು. ಬಹುಕಾಲ ತಿಂದ ಸ್ಟಿರಾಯ್ಡನ್ನು ಹಠಾತ್ತನೆ ಬಿಡಬಾರದು, ತುಸುತುಸುವೇ ಇಳಿಸಬೇಕು, ಇಲ್ಲವಾದರೆ ದೇಹ ಕುಸಿದು ಜೀವಕ್ಕೇ ಅಪಾಯ. ಇದು ಅವನು ಓದಿ ಪರೀಕ್ಷೆ ಬರೆದ ಪಾಠ. ಕೋಪದಲ್ಲಿ ಅದೊಂದೇ ನೆನಪಾಗಿರಲಿಲ್ಲ. ತಾಯಿಯ ಬೆಳಗಿನ ಮಾತು ಕಿವಿಯಲ್ಲಿ ಮೊಳಗಿತು. ಅವನ ಜೀವ ಬಾಯಿಗೆ ಬಂತು.

“ಅಜ್ಜಾರ... ನಮ್ಮವ್ವನ ಪುಡಿ ನಾನ ಚೆಲ್ಲೇನ್ರೀ” ಎಂದ.

ಅಜ್ಜನವರು ಎದ್ದುನಿಂತರು. ಜನರತ್ತ ತಿರುಗಿ ನುಡಿದರು: “ಮಠದ ಪುಡಿಯೊಳಗ ತಪ್ಪಾಗೈತಿ. ತಿನ್ನಾವ್ರೆಲ್ಲ ಇವತ್ತ ದವಾಖಾನಿಗೆ ಹೋಗ್ರಿ. ಪುಡಿ ಜೋಡಿ ಒಯ್ದು ತೋರಿಸ್ರಿ. ಡಾಕ್ಟರು ಹೇಳಿದಂಗ ಬಿಡ್ರಿ.”

ಹಿರಿಯರೊಬ್ಬರು ಹಲುಬಿದರು: “ಹಿಂಗ ಅಂದ್ರ ಮಠದ ಹೆಸರು ಹೋಗತೈತ್ರೀ ಅಜ್ಜಾರ!”

“ಹೋಗ್ಲಿ. ಮಂದಿ ಉಳೀಲಿ.”

ಇಷ್ಟೆಂದು ರಾಚಪ್ಪನ ತೋಳು ಹಿಡಿದು ತಾವೇ ಜೀಪಿನತ್ತ ನಡೆದರು.

ಮನೆಯಲ್ಲಿ ಸಂಗವ್ವ ಒಲೆಯ ಮುಂದೆ ಬಿದ್ದಿದ್ದಳು. ಕೈಕಾಲು ತಣ್ಣಗಾಗಿದ್ದವು. ಆಸ್ಪತ್ರೆಯಲ್ಲಿ ರಾಚಪ್ಪ ಒಂದನ್ನೂ ಮುಚ್ಚಿಡದೆ ಹೇಳಿದ್ದರಿಂದ ವೈದ್ಯರು ಅದೇ ಔಷಧವನ್ನು ಅಳತೆಯರಿತು ಸೂಜಿಯ ಮೂಲಕ ಕೊಟ್ಟರು. ಸಂಜೆಯ ಹೊತ್ತಿಗೆ ಆಕೆ ಕಣ್ಣು ಬಿಟ್ಟಳು. ಮಂಚದ ಪಕ್ಕದಲ್ಲಿ ಅಜ್ಜನವರನ್ನು ಕಂಡವಳೇ, “ನನ್ನ ಮಗ ಪ್ರಸಾದ ಚೆಲ್ಯಾನ್ರೀ ಯಪ್ಪಾ. ಅವನ್ನ ಕ್ಷಮಾ ಮಾಡ್ರಿ” ಎಂದಳು.

“ಒಳಗೇನೈತಿ ಅಂತ ನೋಡದ ಕೊಟ್ಟಾಂವ ನಾನವ್ವಾ. ನೀ ನನ್ನ ಕ್ಷಮಾ ಮಾಡು” ಎಂದು ಶಿವಯೋಗಿಗಳು ಆ ತಾಯಿಗೆ ಕೈಮುಗಿದರು. ರಾಚಪ್ಪ ಗೋಡೆಯ ಕಡೆ ಮುಖ ಮಾಡಿ ಅತ್ತುಬಿಟ್ಟ.

ಆಮೇಲೆ ಅಜ್ಜನವರು ಮಠದಲ್ಲಿ ಕೂಡಲಿಲ್ಲ. ವೈದ್ಯರನ್ನೂ ರಾಚಪ್ಪನನ್ನೂ ಕರೆದುಕೊಂಡು ಪುಡಿ ಹೋದ ಊರುಗಳಿಗೆಲ್ಲ ತಾವೇ ಹೋದರು. ಕೆಲವರು ಕಾಲಿಗೆರಗಿದರು, ಕೆಲವರು ಬಾಗಿಲು ಹಾಕಿಕೊಂಡರು. ಹಾಕಿದ ಬಾಗಿಲ ಮುಂದೆಯೂ ನಿಂತು ಹೇಳಬೇಕಾದದ್ದನ್ನು ಹೇಳಿಯೇ ಬಂದರು. ದೈವದ ದಯೆ, ಒಂದು ಜೀವವೂ ಹೋಗಲಿಲ್ಲ. ಮುರಿಗೆಪ್ಪನ ಮೇಲೆ ಮೊಕದ್ದಮೆ ನಡೆಯಿತು. ಬಿಡಿಸಿರೆಂದು ಅಜ್ಜನವರು ಯಾರನ್ನೂ ಕೇಳಿಕೊಳ್ಳಲಿಲ್ಲ, ಶಿಕ್ಷೆ ಮುಗಿಸಿ ಬಂದವನನ್ನು ಹೊರಗೂ ಇಡಲಿಲ್ಲ. ಪರೀಕ್ಷೆಗೆ ಒಡ್ಡದ ಮದ್ದನ್ನು ಮಾತ್ರ ಆ ಮಠದಲ್ಲಿ ಮತ್ತೆಂದೂ ಹಂಚಲಿಲ್ಲ.

ಸಂಗವ್ವ ಕೋಲು ಹಿಡಿದು ನಡೆಯುತ್ತ ಇನ್ನೂ ಎಷ್ಟೋ ವರ್ಷ ಬಾಳಿದಳು. ರಾಚಪ್ಪ ತನ್ನ ಕೆಲಸವನ್ನು ಸಡಿಲ ಬಿಡಲಿಲ್ಲ; ಖೊಟ್ಟಿ ಔಷಧದವರು ಅವನ ಹೆಸರು ಕೇಳಿದರೆ ಬೆವರುತ್ತಿದ್ದರು. ಆದರೆ ಅರಗು ಕಾಯಿಸುವ ಮೊದಲು ಅಂಗಡಿಯವನನ್ನು ಕೂರಿಸಿಕೊಂಡು, “ಇದನ್ನ ಯಾರ್ಯಾರಿಗೆ ಕೊಟ್ಟೀದಿ, ಮೊದಲ ಅದನ್ನ ಹೇಳು” ಎಂದು ಕೇಳುತ್ತಿದ್ದ. “ಸಾಹೇಬರು ಕೇಸು ಹಾಕಾಕ ಬಂದಾರೋ, ರೋಗಿಗಳ್ನ ಮಾತಾಡಸಾಕ ಬಂದಾರೋ?” ಎಂದು ಜೊತೆಯವರು ನಗುತ್ತಿದ್ದರು. ಅವನು ಕಿವಿಗೆ ಹಾಕಿಕೊಳ್ಳದೆ ವೈದ್ಯರೊಡನೆ ಆ ಮನೆಗಳಿಗೆ ಹೋಗಿ, ಒಳಗಿದ್ದವರನ್ನು ಕಣ್ಣಾರೆ ಕಂಡು ಬಂದ ಮೇಲೆಯೇ ಅಂಗಡಿಗೆ ಬೀಗ ಹಾಕುತ್ತಿದ್ದ.